ಬಣ್ಣ ಬಳಿದ ಮಾತ್ರಕ್ಕೆ ಸೇತುವೆ ಉಳಿಯುತ್ತದಾ?

ಹಳೆಯ ಕಬ್ಬಿಣದ ಸೇತುವೆಯ ವಿಷಯ ಬಂದರೆ ಸಾಕು, ಎರಡು ಗುಂಪು ಎದ್ದು ನಿಲ್ಲುತ್ತವೆ. 'ಗುಜರಿಗೆ ಹಾಕಿ' ಅನ್ನುವವರು ಒಂದು ಕಡೆ. ಬಣ್ಣ ಹೊಡೆಸಿ, ದೀಪ ಹಾಕಿಸಿ, 'ಪರಂಪರೆ ಉಳಿಸಿದೆವು' ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮೇಲೇ ಸಿಟ್ಟು ಜಾಸ್ತಿ. ಮೊದಲನೆಯವರು ಹೇಳಿಯೇ ಕೊಲ್ಲುತ್ತಾರೆ.

ಇಂಥ ಎಷ್ಟೋ ಸೇತುವೆಗಳ ಭಾರ ಹೊರುವುದು ಟ್ರಸ್, ಅಂದರೆ ಕಬ್ಬಿಣದ ಪಟ್ಟಿಗಳಿಂದ ಕಟ್ಟಿದ ತ್ರಿಕೋನಗಳ ಸಾಲು. ಚೌಕದ ಮೂಲೆ ಹಿಡಿದು ತಳ್ಳಿದರೆ ಅದು ಓರೆಯಾಗುತ್ತದೆ. ತ್ರಿಕೋನ ತನ್ನ ಆಕಾರ ಬಿಡುವುದಿಲ್ಲ. 1844ರಲ್ಲಿ ಅಮೆರಿಕದ ಪ್ರ್ಯಾಟ್ ಅಪ್ಪ-ಮಗ ಪೇಟೆಂಟ್ ಪಡೆದ ಮಾದರಿಯ ಸೇತುವೆ ಎಲ್ಲಾದರೂ ಸಿಕ್ಕರೆ ಪಕ್ಕಕ್ಕೆ ನಿಂತು ನೋಡಿ. ನೆಟ್ಟಗಿನ ಕಂಬ ದಪ್ಪ, ಓರೆ ಪಟ್ಟಿ ತೆಳು. ಕಂಬದ ಮೇಲೆ ಭಾರ ಒತ್ತುತ್ತದೆ, ಸಣಕಲಾದರೆ ಬಾಗಿಬಿಡುತ್ತದೆ. ಓರೆ ಪಟ್ಟಿಗೆ ಬರೀ ಎಳೆತ, ಅದಕ್ಕೆ ತೆಳು ಕಬ್ಬಿಣ ಸಾಕು. 1847ರಲ್ಲಿ ಅಮೆರಿಕದ ಎಂಜಿನಿಯರ್ ಸ್ಕ್ವೈರ್ ವಿಪಲ್ ಯಾವ ಪಟ್ಟಿಯ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಲೆಕ್ಕ ಹಾಕುವ ಬಗೆಯನ್ನು ಅಚ್ಚು ಹಾಕಿಸಿದ. ಅಂದಾಜಿನ ಮೇಲೆ ಕಟ್ಟುತ್ತಿದ್ದ ಕಾಲ ಅಲ್ಲಿಂದ ನಿಧಾನವಾಗಿ ಸರಿಯಿತು.

ಹಳೆಯದೆಲ್ಲ ಗಟ್ಟಿ ಅಂತ ನಾನು ಹೇಳುತ್ತಿಲ್ಲ. ಮರದ ಸೇತುವೆಗೆಂದು ಹುಟ್ಟಿದ ಹೋವ್ ಎಂಬ ಇನ್ನೊಂದು ಟ್ರಸ್ ಮಾದರಿಯನ್ನು ಪೂರ್ತಿ ಕಬ್ಬಿಣದಲ್ಲಿ ಕಟ್ಟಿದ್ದರು, ಅಮೆರಿಕದ ಒಹಾಯೊದ ಆಷ್ಟಬ್ಯುಲಾದಲ್ಲಿ. 1876ರ ಡಿಸೆಂಬರ್ 29ರ ಹಿಮಗಾಳಿಯ ರಾತ್ರಿ ಅದು ರೈಲಿನ ಸಮೇತ ಕುಸಿಯಿತು. ಸುಮಾರು 92 ಜನ ಸತ್ತರು.

ಈಗ ತುಕ್ಕಿಗೆ ಬರೋಣ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಎರಡು ತಗಡಿನ ಸಂದಿಯಲ್ಲಿ ನೀರು ನಿಂತರೆ ಆ ಉಬ್ಬು ತಗಡುಗಳನ್ನೇ ಬಾಗಿಸುತ್ತದೆ, ಅವನ್ನು ಕೂಡಿಸಿದ ದಪ್ಪ ಮೊಳೆಯನ್ನು, ಅಂದರೆ ರಿವೆಟ್ ಅನ್ನು, ಹಾರಿಸುತ್ತದೆ. ಮೇಲಿನ ಹೊಸ ಬಣ್ಣ ಅದನ್ನು ಮುಚ್ಚಿಡುತ್ತದೆ, ಅಷ್ಟೇ. ಹಳೆಯ ಬಣ್ಣದಲ್ಲಿ ಸೀಸ ಬೇರೆ ಇರುತ್ತದೆ. ಉಜ್ಜಿ ಹಾರಿಸಿದರೆ ಕೆಳಗಿನ ಹೊಳೆಗೂ ಕೆಲಸಗಾರರ ಎದೆಗೂ ಸೇರುತ್ತದೆ.

ಇದಕ್ಕಿಂತ ಕೆಟ್ಟದ್ದು ವೆಲ್ಡಿಂಗ್. ಆ ಕಾಲದ ಎಷ್ಟೋ ಸೇತುವೆಗಳು ರಾಟ್ ಐರನ್ ಎಂಬ ಹಳೆಯ ಬಗೆಯ ಬಡಿದ ಕಬ್ಬಿಣದವು. ಅದರೊಳಗೆ ಕಿಟ್ಟದ ಎಳೆಗಳಿರುತ್ತವೆ, ಮರದ ನಾರಿನ ಹಾಗೆ. ಇಂದಿನ ಉಕ್ಕು ಅಂದುಕೊಂಡು ಬೆಸುಗೆ ಹಾಕಿದರೆ ಪದರ ಪದರವಾಗಿ ಸೀಳಬಹುದು. ರಿವೆಟ್‌ನ ಜಾಣತನವೇ ಬೇರೆ: ಕೆಂಪಗೆ ಕಾಯಿಸಿ ಬಡಿದ ರಿವೆಟ್ ಆರುವಾಗ ಕುಗ್ಗಿ ತಗಡುಗಳನ್ನು ಬಿಗಿಹಿಡಿಯುತ್ತದೆ. ಆ ಕೆಲಸ ಬಲ್ಲ ಕೈಗಳು ಕಡಿಮೆ, ನಿಜ. ಹಾಗಂತ ತೇಪೆ ಹಾಕಿ ಮುಗಿಸುವುದಾ?

ಭಾರದ ಲಾರಿಗಳಿಗೆ ಪಕ್ಕದಲ್ಲಿ ಕಾಂಕ್ರೀಟ್ ಸೇತುವೆ ಬರಲಿ, ನನ್ನ ತಕರಾರಿಲ್ಲ. ಹಳೆಯದನ್ನು ನಡೆಯುವವರಿಗೆ, ಸೈಕಲ್ಲಿಗೆ ಬಿಡಿ. ಜಾಗ ಬೇಕೇ ಬೇಕು ಅಂದರೆ ಬಿಚ್ಚಿ ಬೇರೆ ಕಡೆ ಜೋಡಿಸಿ. ಪಿನ್ ಹಾಕಿ ಕೂಡಿಸಿದ ಸೇತುವೆಗಳಲ್ಲಿ ಇದು ಸಾಧ್ಯ. ಅಮೆರಿಕದ ಮೇರಿಲ್ಯಾಂಡ್‌ನ ಸ್ಯಾವೇಜ್‌ನಲ್ಲಿರುವ ಬೋಲ್‌ಮನ್ ಟ್ರಸ್ ಸೇತುವೆ 1869ರದ್ದು. 1887ರಲ್ಲಿ ಅದನ್ನು ಈಗಿನ ಜಾಗಕ್ಕೆ ತಂದು ನಿಲ್ಲಿಸಿದರು. ಇಂದಿಗೂ ನಿಂತಿದೆ.

ಇನ್ನು ಬೇರಿಂಗ್, ಅಂದರೆ ಸೇತುವೆಯ ತುದಿ ಕಂಬದ ಮೇಲೆ ಕೂರುವ ಆಧಾರ. ಬಿಸಿಲಿಗೆ ಸೇತುವೆ ಉದ್ದವಾಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೇ ಉದ್ದದ ಸೇತುವೆಗಳ ಒಂದು ತುದಿಯನ್ನು ಉರುಳೆಗಳ ಮೇಲೆ ಕೂರಿಸಿರುತ್ತಾರೆ. ಅಲ್ಲಿ ಮಣ್ಣು, ಎಲೆ, ಹಕ್ಕಿ ಹಿಕ್ಕೆ ತುಂಬಿ ಉರುಳೆ ಜಾಮ್ ಆದರೆ ಸೇತುವೆ ತನ್ನನ್ನು ಹೊತ್ತ ಕೆಳಗಿನ ಕಂಬದ ತಲೆಯನ್ನೇ ತಳ್ಳತೊಡಗುತ್ತದೆ. ಇದನ್ನು ತೆಗೆಯಲು ಬೇಕಾದ್ದು ಪೊರಕೆ, ಒಂದಿಷ್ಟು ಗ್ರೀಸ್, ವರ್ಷಕ್ಕೊಮ್ಮೆ ಕೆಳಗಿಳಿಯುವ ಒಬ್ಬ ಮನುಷ್ಯ. ಉದ್ಘಾಟನೆಯ ಫೋಟೊದಲ್ಲಿ ಅವನು ಬರುವುದಿಲ್ಲ.

ಮುಂದಿನ ಸಲ ಯಾರಾದರೂ ದೀಪಾಲಂಕಾರದ ಫೋಟೊ ಹಾಕಿ 'ಸೇತುವೆ ಉಳಿಸಿದೆವು' ಅಂತ ಬರೆದರೆ, ಕಾಮೆಂಟಿನಲ್ಲಿ ಬೇರಿಂಗ್ ಫೋಟೊ ಕೇಳಿ.