ಸೇವಂತಿಗೆಯ ವಾಸನೆ

ನಾನು ಓದಿದ ಕಾಲೇಜಿನ ಗ್ರಂಥಾಲಯದಲ್ಲಿ ಬೀಗ ಹಾಕಿದ ಗಾಜಿನ ಬೀರುವೊಂದಿತ್ತು. ಅದರೊಳಗಿನ ಪುಸ್ತಕ ಬೇಕಾದರೆ ವಿಭಾಗದ ಮುಖ್ಯಸ್ಥರ ಸಹಿ ಇರುವ ಚೀಟಿ ತರಬೇಕು. ಇಂಗ್ಲಿಷ್ ಕಾದಂಬರಿಕಾರ ಡಿ. ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಅಲ್ಲಿ ದಪ್ಪನೆಯ ವೈದ್ಯಕೀಯ ಗ್ರಂಥವೊಂದರ ಪಕ್ಕ ಕುಳಿತಿತ್ತು. ಎರಡು ವಾರ ಧೈರ್ಯ ಕೂಡಿಸಿಕೊಂಡು, ಯುದ್ಧೋತ್ತರ ಇಂಗ್ಲೆಂಡಿನ ಕೈಗಾರಿಕಾ ಸಮಾಜದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ. ಮನೆಗೆ ಬಂದು ಕದವಿಕ್ಕಿಕೊಂಡು ಓದಿದರೆ, ಒಳಗೆ ಬಹುಪಾಲು ಇದ್ದದ್ದು ಯುದ್ಧೋತ್ತರ ಇಂಗ್ಲೆಂಡಿನ ಕೈಗಾರಿಕಾ ಸಮಾಜವೇ.

ಮೊದಲ ಮಹಾಯುದ್ಧದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಗಣಿಯೊಡೆಯ ಕ್ಲಿಫರ್ಡ್, ಅವನ ಹೆಂಡತಿ ಕಾನಿ, ಅವರ ಕಾಡು ಕಾಯುವ ಮೆಲರ್ಸ್. ಕಲ್ಲಿದ್ದಲ ಮಸಿ ಹಿಡಿದ ಊರನ್ನು ಕಾನಿ ಕಾರಿನಲ್ಲಿ ದಾಟಿಹೋಗುವ ಪುಟಗಳು ಚೆನ್ನಾಗಿವೆ. ಆದರೆ ಮೆಲರ್ಸ್ ಬಾಯಿ ತೆರೆದನೆಂದರೆ ಪ್ರವಚನ. ಪ್ರೀತಿ ಮಾಡುವಾಗಲೂ ನಾಗರಿಕತೆಯ ರೋಗಕ್ಕೆ ಮದ್ದು ಹೇಳದೆ ಬಿಡುವ ಆಸಾಮಿ ಅವನಲ್ಲ. ಪುಸ್ತಕವನ್ನು ಅವಧಿಗೆ ಮುಂಚೆಯೇ ಹಿಂತಿರುಗಿಸಿದೆ. ಗ್ರಂಥಪಾಲಕರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು.

ಈ ಪುಸ್ತಕದ ಮೆರವಣಿಗೆ ದೊಡ್ಡದು. 1928ರಲ್ಲಿ ಲಾರೆನ್ಸ್ ಅದನ್ನು ಇಟಲಿಯ ಫ್ಲಾರೆನ್ಸ್‌ನಲ್ಲಿ ಖಾಸಗಿಯಾಗಿ ಸಾವಿರ ಪ್ರತಿ ಅಚ್ಚು ಹಾಕಿಸಿದ. ಮೊಳೆ ಜೋಡಿಸಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದೂ ಒಂದು ಅನುಕೂಲವೇ. 1930ರಲ್ಲಿ, 44ನೆಯ ವಯಸ್ಸಿಗೆ, ಕ್ಷಯದಿಂದ ಅವನು ತೀರಿಕೊಂಡ. ಮೂವತ್ತು ವರ್ಷ ಕಳೆದ ಮೇಲೆ ಪೆಂಗ್ವಿನ್ ಸಂಸ್ಥೆ ಪೂರ್ಣ ಪಠ್ಯವನ್ನು ಹೊರತಂದಾಗ ಲಂಡನ್ನಿನಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ನಿಮ್ಮ ಹೆಂಡತಿಯೋ ಆಳುಗಳೋ ಇದನ್ನು ಓದಲಿ ಎಂದು ಬಯಸುತ್ತೀರಾ ಎಂದು ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿದ್ದು ಇವತ್ತಿಗೂ ನಗೆಪಾಟಲಿನ ಮಾತು. ಪೆಂಗ್ವಿನ್ ಗೆದ್ದಿತು. ಮಾರಾಟಕ್ಕೆ ಬಂದ ಮೊದಲ ದಿನವೇ ಎರಡು ಲಕ್ಷ ಪ್ರತಿಗಳು ಖಾಲಿ.

ನಮ್ಮಲ್ಲಿ ಆದದ್ದು ಬೇರೆ. ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಯವರ ಮೇಲೆ ಇದೇ ಕಾದಂಬರಿ ಮಾರಿದ್ದಕ್ಕೆ ಮೊಕದ್ದಮೆ ಬಿತ್ತು. ಪುಸ್ತಕದ ಪರವಾಗಿ ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಸಾಕ್ಷಿ ಹೇಳಿದರು. 1964ರಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಿಯ ಶಿಕ್ಷೆಯನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ, ಆಧಾರ 1868ರ ಇಂಗ್ಲೆಂಡಿನ ಹಿಕ್ಲಿನ್ ಪ್ರಕರಣದಲ್ಲಿ ಅಶ್ಲೀಲತೆಗೆ ಹಾಕಿಕೊಟ್ಟ ಅಳತೆಗೋಲು. ಇಂಗ್ಲೆಂಡು ಆಗಲೇ ಕೈಬಿಟ್ಟಿದ್ದ ಆ ಕೋಲನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಕೆಳಗಿಟ್ಟದ್ದು 2014ರಲ್ಲಿ, ಬೇರೊಂದು ಪ್ರಕರಣದಲ್ಲಿ. ನನ್ನ ಕಾಲೇಜಿನ ಬೀರುವಿನ ಬೀಗಕ್ಕೂ ಇದಕ್ಕೂ ನೇರ ಸಂಬಂಧವಿತ್ತೋ ಏನೋ. ಬೀಗ ಹಾಕುವವರಿಗೆ ತೀರ್ಪು ಓದುವ ಅಗತ್ಯವೇನೂ ಬೀಳುವುದಿಲ್ಲ.

ನನ್ನ ತಕರಾರು ಇಷ್ಟೇ. ಈ ಗದ್ದಲದಿಂದಾಗಿ ಲಾರೆನ್ಸನ ಸೋತ ಕಾದಂಬರಿಯೇ ಅವನ ಗುರುತಾಗಿ ಕುಳಿತಿತು. ಪರವಾಗಿ ವಾದಿಸಿದವರೂ ಮಲಗುವ ಮನೆಯ ಲಾರೆನ್ಸನನ್ನೇ ಹೊತ್ತು ತಿರುಗಿದರು. ನನಗೆ ಬೇಕಾದವನು ಅಡುಗೆಮನೆಯಲ್ಲಿದ್ದಾನೆ.

ನಾಟಿಂಗ್‌ಹ್ಯಾಮ್ ಸೀಮೆಯ ಈಸ್ಟ್‌ವುಡ್ ಎಂಬ ಗಣಿ ಊರಿನಲ್ಲಿ 1885ರಲ್ಲಿ ಹುಟ್ಟಿದವನು ಅವನು. ಅಪ್ಪ ಕಲ್ಲಿದ್ದಲು ಗಣಿಯ ಕೆಲಸಗಾರ. ಅಮ್ಮ ಓದುಬರಹ ಬಲ್ಲ, ಒಂದಿಷ್ಟು ಕಾಲ ಪಾಠವನ್ನೂ ಹೇಳಿದ್ದ, ಗಂಡನ ಊರಮಾತನ್ನು ಸಹಿಸದ ಹೆಂಗಸು. ಮಕ್ಕಳೆಲ್ಲ ಅಮ್ಮನ ಪಾಳಯ. 1913ರ ‘ಸನ್ಸ್ ಅಂಡ್ ಲವರ್ಸ್’ ಈ ಮನೆಯ ಕಥೆ. ಅಪ್ಪ ಮೊರೆಲ್ ಕುಡಿಯುತ್ತಾನೆ, ಬಸುರಿ ಹೆಂಡತಿಯನ್ನು ರಾತ್ರಿ ಹೊರಗೆ ದೂಡಿ ಬಾಗಿಲು ಹಾಕುತ್ತಾನೆ, ಮೇಜಿನ ಖಾನೆಯನ್ನು ಅವಳತ್ತ ಎಸೆದು ಹಣೆ ಒಡೆಯುತ್ತಾನೆ. ಲೇಖಕ ಅಮ್ಮನ ಪರ ನಿಂತೇ ಬರೆಯುತ್ತಿದ್ದಾನೆ, ಅನುಮಾನವೇ ಇಲ್ಲ.

ಅದೇ ಕಾದಂಬರಿಯಲ್ಲಿ ಇದೂ ಇದೆ. ಬೆಳಗಿನ ಜಾವ ಮನೆಯವರೆಲ್ಲ ಮಲಗಿರುವಾಗ ಮೊರೆಲ್ ಒಬ್ಬನೇ ಎದ್ದು ಬರುತ್ತಾನೆ. ಮಾಂಸದ ತುಂಡನ್ನು ಮುಳ್ಳುಚಮಚಕ್ಕೆ ಚುಚ್ಚಿ ಬೆಂಕಿಗೆ ಹಿಡಿದು, ತೊಟ್ಟಿಕ್ಕುವ ಕೊಬ್ಬನ್ನು ಬ್ರೆಡ್ಡಿಗೆ ಬೀಳಿಸಿಕೊಳ್ಳುತ್ತಾನೆ. ಮಡಚುವ ಚಾಕುವಿನಿಂದ ಕೊಯ್ದು ತಿನ್ನುತ್ತಾನೆ. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತಾನೆ. ಸುಖವಾಗಿದ್ದಾನೆ. ಅಷ್ಟೇ. (ನನ್ನಜ್ಜ ಹಾಗೆಯೇ ಬಸಿಯಲ್ಲಿ ಸೊರ್ರೆಂದು ಹೀರುತ್ತಿದ್ದರು. ನೆಂಟರೆದುರು ಹಾಗೆ ಕುಡಿಯಬೇಡಿ ಎಂದು ಮನೆಯವರೆಲ್ಲ ಅವರಿಗೆ ಹೇಳುತ್ತಿದ್ದೆವು. ಈ ಪುಟ ಓದಿದ ಮೇಲೆ ನನಗೆ ನಾಚಿಕೆಯಾಯಿತು.) ದ್ವೇಷಿಸಲು ಕುಳಿತ ಮಗನ ಲೇಖನಿಗೆ ಅಪ್ಪನ ಸುಖ ಕಂಡುಬಿಟ್ಟಿದೆ, ಕಂಡದ್ದನ್ನು ಅದು ಬಿಟ್ಟುಕೊಟ್ಟಿಲ್ಲ. ಕಲಾವಿದನನ್ನು ನಂಬಬೇಡಿ, ಕಥೆಯನ್ನು ನಂಬಿ ಎಂದು 1923ರಲ್ಲಿ ಅಮೆರಿಕದ ಲೇಖಕರ ಬಗ್ಗೆ ಬರೆಯುತ್ತ ಅವನು ಹೇಳಿದ. ಆ ಮಾತಿಗೆ ಅವನಷ್ಟು ಒಳ್ಳೆಯ ಉದಾಹರಣೆ ಇನ್ನೊಬ್ಬನಿಲ್ಲ.

ಎಲ್ಲರಿಗೂ ಈ ನ್ಯಾಯ ಸಿಗಲಿಲ್ಲ. ಅವನ ಕವಿತೆಗಳನ್ನು ನಕಲು ಮಾಡಿ ‘ಇಂಗ್ಲಿಷ್ ರಿವ್ಯೂ’ ಪತ್ರಿಕೆಗೆ ಕಳಿಸಿ ಅವನಿಗೆ ಬಾಗಿಲು ತೆರೆದವಳು ಜೆಸಿ ಚೇಂಬರ್ಸ್. ಕಾದಂಬರಿಯಲ್ಲಿ ಅವಳು ಮಿರಿಯಮ್ ಆದಳು, ಹೂವನ್ನೂ ಹಿಂಡಿ ಹೀರುವವಳಂತೆ ಚಿತ್ರಿತಳಾದಳು. ಹಸ್ತಪ್ರತಿ ಓದಿದ ಅವಳಿಗೆ ಆದ ನೋವು ಕೊನೆತನಕ ಹೋಗಲಿಲ್ಲ. ಅಮೆರಿಕದ ಸ್ತ್ರೀವಾದಿ ಲೇಖಕಿ ಕೇಟ್ ಮಿಲೆಟ್ 1970ರಲ್ಲಿ ಲಾರೆನ್ಸನನ್ನು ಕಟಕಟೆಗೆ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಮೆಕ್ಸಿಕೋದಲ್ಲಿ ನಡೆಯುವ 1926ರ ‘ದ ಪ್ಲೂಮ್ಡ್ ಸರ್ಪೆಂಟ್’ ಓದಿ ನೋಡಿ: ಹಳೆಯ ದೇವರನ್ನು ಎಬ್ಬಿಸುವ ಗಂಡು ನಾಯಕರು, ತಲೆಬಾಗಬೇಕಾದ ಹೆಣ್ಣು, ಪುಟಗಟ್ಟಲೆ ಸ್ತೋತ್ರ. ಅದನ್ನು ಯಾವ ನ್ಯಾಯಾಲಯವೂ ಅಶ್ಲೀಲ ಎನ್ನಲಿಲ್ಲ. ನನಗೆ ಮಾತ್ರ ಚಾಟರ್ಲೀಗಿಂತ ಅದರಲ್ಲೇ ಹೆಚ್ಚು ಮುಜುಗರವಾಯಿತು.

ನಮ್ಮಲ್ಲಿ ಅವನಿಗೆ ಗೌರವ ಬಂದದ್ದರಲ್ಲಿ ಕೇಂಬ್ರಿಜ್‌ನ ವಿಮರ್ಶಕ ಎಫ್. ಆರ್. ಲೀವಿಸ್‌ನ ಪಾಲು ದೊಡ್ಡದು. ಲೀವಿಸ್‌ನ ಶಿಷ್ಯರಾಗಿದ್ದ ಸಿ. ಡಿ. ನರಸಿಂಹಯ್ಯ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಲೀವಿಸ್ ಎತ್ತಿ ಹಿಡಿದದ್ದು ‘ದ ರೇನ್‌ಬೋ’ ಮತ್ತು ‘ವಿಮೆನ್ ಇನ್ ಲವ್’ ಕಾದಂಬರಿಗಳನ್ನು. 1915ರಲ್ಲಿ ಕೋರ್ಟಿನ ಆಜ್ಞೆಯಂತೆ ಸಾವಿರಕ್ಕೂ ಹೆಚ್ಚು ಪ್ರತಿ ಸುಟ್ಟದ್ದು ಈ ‘ರೇನ್‌ಬೋ’ವನ್ನೇ. ಅದರ ಮೊದಲ ಅರ್ಧಕ್ಕೆ ನಾನೂ ಕೈಮುಗಿಯುತ್ತೇನೆ. ಉಳಿದದ್ದರ ಬಗ್ಗೆ ಲೀವಿಸ್‌ನ ಜೊತೆ ನನಗೆ ಜಗಳವಿದೆ, ಅದು ಇನ್ನೊಂದು ದಿನಕ್ಕೆ.

ಯಾರಾದರೂ ಎಲ್ಲಿಂದ ಶುರುಮಾಡಲಿ ಎಂದರೆ ನಾನು ಕೊಡುವುದು ಒಂದು ಸಣ್ಣ ಕಥೆ, 1911ರಲ್ಲಿ ಅದೇ ‘ಇಂಗ್ಲಿಷ್ ರಿವ್ಯೂ’ದಲ್ಲಿ ಬಂದ ‘ಓಡರ್ ಆಫ್ ಕ್ರಿಸಾಂಥಮಮ್ಸ್’. ಗಣಿಯಿಂದ ಗಂಡ ಬರುವುದು ತಡವಾಗಿದೆ. ಎಲಿಜಬೆತ್ ಬೇಟ್ಸ್ ಬಸುರಿ. ಕುಡಿಯಲು ಹೋಗಿರಬೇಕೆಂದು ಸಿಡಿಮಿಡಿಗೊಂಡು ಕಾಯುತ್ತಿದ್ದಾಳೆ. ಅವಳ ಏಪ್ರನ್ನಿಗೆ ಸಿಕ್ಕಿಸಿಕೊಂಡ ಸೇವಂತಿಗೆಯನ್ನು ಕಂಡು ಮಗಳು ಮೂಸಲು ಬರುತ್ತಾಳೆ, ಎಷ್ಟು ಚೆನ್ನಾಗಿದೆ ಎನ್ನುತ್ತಾಳೆ. ತಾಯಿಗೆ ಹಾಗನ್ನಿಸುವುದಿಲ್ಲ. ಮದುವೆಯಲ್ಲೂ ಸೇವಂತಿಗೆ, ನೀನು ಹುಟ್ಟಿದಾಗಲೂ ಸೇವಂತಿಗೆ, ಅವನನ್ನು ಮೊದಲ ಸಲ ಕುಡಿದ ಸ್ಥಿತಿಯಲ್ಲಿ ಹೊತ್ತು ತಂದಾಗ ಅವನ ಕೋಟಿನ ಗುಂಡಿಯ ತೂತಿನಲ್ಲೂ ಸೇವಂತಿಗೆ.

ರಾತ್ರಿ ಅವನನ್ನು ಮತ್ತೆ ಹೊತ್ತು ತರುತ್ತಾರೆ. ಗಣಿ ಕುಸಿದು ಉಸಿರುಗಟ್ಟಿ ಸತ್ತಿದ್ದಾನೆ, ಮೈಮೇಲೆ ಗಾಯವಿಲ್ಲ. ಹೆಣ ಬರುವ ಮುಂಚೆ ಅವಳು ನೆಲಕ್ಕೆ ಬಟ್ಟೆ ಹಾಸುತ್ತಾಳೆ, ಇರುವ ಒಂದು ಚೂರು ಜಮಖಾನೆ ಕೊಳೆಯಾಗಬಾರದಲ್ಲ. ಹೊತ್ತವರಲ್ಲೊಬ್ಬ ಹೂದಾನಿಯನ್ನು ಬೀಳಿಸುತ್ತಾನೆ. ಅವಳು ಗಂಡನ ಮುಖ ನೋಡುವುದಿಲ್ಲ. ಒಡೆದ ಚೂರು ಆರಿಸುತ್ತಾಳೆ, ಚೆಲ್ಲಿದ ನೀರು ಒರೆಸುತ್ತಾಳೆ. ಆಮೇಲೆ ಅತ್ತೆ ಸೊಸೆ ಸೇರಿ ಆ ಮೈಯನ್ನು ತೊಳೆಯುತ್ತಾರೆ. ಅತ್ತೆ ಅಳುತ್ತಾಳೆ. ತೊಳೆಯುತ್ತ ತೊಳೆಯುತ್ತ ಸೊಸೆಗೆ ತಿಳಿಯುತ್ತದೆ, ಇಷ್ಟು ವರ್ಷ ಜಗಳವಾಡಿದ್ದು ಈ ಮನುಷ್ಯನ ಜೊತೆಯೇ ಅಲ್ಲ, ಇವನು ಯಾರೆಂದೇ ತನಗೆ ಗೊತ್ತಿರಲಿಲ್ಲ ಎಂದು. ಈ ಕೊನೆಯ ಭಾಗವನ್ನು ಲಾರೆನ್ಸ್ ಮತ್ತೆ ಮತ್ತೆ ತಿದ್ದಿದ. ಬೆತ್ತಲೆ ಮೈಯ ಬಗ್ಗೆ ಅವನು ಬರೆದದ್ದರಲ್ಲೆಲ್ಲ ಇದಕ್ಕಿಂತ ದಿಟ್ಟವಾದದ್ದು ನನಗೆ ಕಂಡಿಲ್ಲ.

ಇದನ್ನು ಕನ್ನಡಕ್ಕೆ ತರಲು ಹೋಗಿ ಶೀರ್ಷಿಕೆಯಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಪರಿಮಳ’ ಎಂದರೆ ಮಗಳ ಪಕ್ಷ ವಹಿಸಿದಂತೆ, ‘ನಾತ’ ಎಂದರೆ ತಾಯಿಯ ಪಕ್ಷ. ‘ವಾಸನೆ’ ಎನ್ನಬಹುದು. ಕಳೆದ ಜನ್ಮದಿಂದ ಅಂಟಿ ಬರುವುದಕ್ಕೂ ನಮ್ಮಲ್ಲಿ ಅದೇ ಮಾತಿದೆ. ಆದರೆ ಸೇವಂತಿಗೆ? ನಮ್ಮ ಓದುಗರು ಅದನ್ನು ಜಡೆಯಲ್ಲೂ ದೇವರ ಪಟದ ಮೇಲೂ ಕಂಡವರು. ಹೆಣದ ಮೇಲೂ ಕಂಡವರೇ. ಹಾಗಾಗಿ ಎಲಿಜಬೆತ್ ಆ ಹೂವನ್ನು ಮೂಗಿನ ಹತ್ತಿರ ತರುವಾಗ ಏನಾದರೂ ವಿವರಣೆ ಸೇರಿಸಬೇಕೇ ಎಂದು ಒಂದು ತಿಂಗಳಿಂದ ಯೋಚಿಸುತ್ತಿದ್ದೇನೆ. ನಿನ್ನೆ ಬರೆದಿದ್ದ ಎರಡು ಸಾಲು ವಿವರಣೆಯನ್ನು ಇವತ್ತು ಬೆಳಿಗ್ಗೆ ಹೊಡೆದುಹಾಕಿದೆ.