ಕಾಡುಹಾದಿಗೆ 19 ಅಶ್ವಶಕ್ತಿ ಸಾಲದೇ?
ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನ ಸುಮಾರು 19 ಅಶ್ವಶಕ್ತಿ ಕಾಡುಹಾದಿಗೆ ಸಾಲದು ಎಂದು ಈ ಬೈಕಿನ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ದಾಟಿದ ಮೇಲೆ ಎಂಜಿನ್ನಿನಲ್ಲಿ ಹೆಚ್ಚು ಕಸುವು ಉಳಿಯುವುದಿಲ್ಲ, ಅದು ನಿಜ. ಆದರೆ ಮಳೆಗಾಲದ ಮಲೆನಾಡಿನಲ್ಲಿ, ಕೆಂಪು ಕೆಸರು ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡು ಹಿಂಚಕ್ರ ಜಾರತೊಡಗಿದಾಗ, ಹೆಚ್ಚುವರಿ ಶಕ್ತಿಯು ಚಕ್ರವನ್ನು ನಿಂತಲ್ಲೇ ಸುತ್ತಿಸುತ್ತದೆಯೇ ಹೊರತು ಬೈಕನ್ನು ಮುಂದಕ್ಕೆ ಒಯ್ಯುವುದಿಲ್ಲ. ಅಲ್ಲಿ ಕೈಹಿಡಿಯುವುದು ಮರದ ಬೇರುಗಳನ್ನು ಸಲೀಸಾಗಿ ಹತ್ತಿಳಿಯುವ 21 ಇಂಚಿನ ಮುಂಚಕ್ರ ಮತ್ತು 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಬೈಕಿನ ತಳಕ್ಕೂ ನಡುವಿನ ಅಂತರ. ಲೇಖಕರು ಬಹುವಾಗಿ ಹೊಗಳಿರುವ, ಇದೇ ಬೈಕಿನ ಪ್ರೊ ಮಾದರಿಯ ಬಗ್ಗೆಯೇ ನನ್ನ ತಕರಾರು: ಒರಟು ನೆಲದ ಕುಲುಕನ್ನು ತಡೆಯುವ ರ‍್ಯಾಲಿ ಸಸ್ಪೆನ್ಷನ್‌ಗಾಗಿ ಸೀಟು 825ರಿಂದ 891 ಮಿ.ಮೀ.ಗೆ ಏರಿದರೆ, ಸಾಮಾನ್ಯ ಎತ್ತರದ ಸವಾರ ಜಾರುವ ಇಳಿಜಾರಿನಲ್ಲಿ ಕಾಲೂರುವುದಾದರೂ ಹೇಗೆ?