ನ್ಯಾಯಾಧೀಶನೇ ಹುಡುಕಬೇಕೋ, ವಕೀಲರೇ ಕಾದಾಡಬೇಕೋ?

ಅಪರಾಧದ ಕೇಸು ನಡೆಸುವುದರಲ್ಲಿ ಇಂಗ್ಲಿಷ್ ಪದ್ಧತಿಯೇ ಮೇಲು, ಫ್ರಾನ್ಸಿನದು ಅಪಾಯ ಅನ್ನುವ ಮಾತು ನಮ್ಮಲ್ಲಿ ಕಾನೂನು ಓದಿದವರ ಬಾಯಲ್ಲಿ ಆಗಾಗ ಬರುತ್ತದೆ. ನನಗಂತೂ ಎರಡರಲ್ಲಿ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇಂಗ್ಲಿಷರದೇ.

ಫ್ರಾನ್ಸಿನಲ್ಲಿ ದೊಡ್ಡ ಅಪರಾಧವಾದರೆ ತನಿಖೆ ಒಬ್ಬ ನ್ಯಾಯಾಧೀಶನ ಕೈಯಲ್ಲಿರುತ್ತದೆ. ಆರೋಪಿಯ ವಿರುದ್ಧದ ಸಾಕ್ಷ್ಯವನ್ನೂ ಪರವಾದ ಸಾಕ್ಷ್ಯವನ್ನೂ ಅವನೇ ಹುಡುಕಬೇಕು. ಇದು ಹೇಗೆ ಕೆಡುತ್ತದೆ ಅನ್ನುವುದಕ್ಕೆ ಊಟ್ರೋ ಪ್ರಕರಣ ನೋಡಿ. ಉತ್ತರ ಫ್ರಾನ್ಸಿನ ಈ ಊರಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ನಿಜ. ನಾಲ್ವರಿಗೆ ಶಿಕ್ಷೆಯೂ ಆಯಿತು. ಆದರೆ 2001ರಲ್ಲಿ ತನಿಖೆ ಹಿಡಿದ ಯುವ ನ್ಯಾಯಾಧೀಶ ಫಾಬ್ರಿಸ್ ಬುರ್ಗೋ, ಒಬ್ಬ ಆರೋಪಿ ಮಹಿಳೆ ಹೇಳುತ್ತಾ ಹೋದ ಹೆಸರುಗಳನ್ನೂ ನಂಬಿದರು. ಪಾದ್ರಿ, ಟ್ಯಾಕ್ಸಿ ಚಾಲಕ, ಕೋರ್ಟಿನ ಅಮೀನ, ಎಲ್ಲರೂ ಒಳಗೆ! 2004ರಲ್ಲಿ ಕಟಕಟೆ ಹತ್ತಿದ 17 ಜನರಲ್ಲಿ 13 ಮಂದಿ ಮರುವರ್ಷದ ಹೊತ್ತಿಗೆ ಖುಲಾಸೆಯಾದರು. ಇನ್ನೊಬ್ಬರು ವಿಚಾರಣೆಗೂ ಮೊದಲೇ ಜೈಲಿನಲ್ಲಿ ಸತ್ತಿದ್ದರು.

ತಪ್ಪು ಬುರ್ಗೋ ಒಬ್ಬರದೇ ಅಲ್ಲ ಬಿಡಿ. ಜೈಲಿನಲ್ಲಿ ಇಡಬೇಕೋ ಬೇಡವೋ ಅಂತ ಹೇಳಲು ಬೇರೆಯೇ ನ್ಯಾಯಾಧೀಶರಿದ್ದರು, ಅವರ ಮೇಲೊಂದು ಪೀಠವಿತ್ತು. ಎಲ್ಲರೂ ಸಹಿ ಹಾಕಿದರು. ತನಿಖೆಗೆ ಮೂವರು ನ್ಯಾಯಾಧೀಶರಿರಲಿ ಎಂದು 2007ರಲ್ಲಿ ಕಾನೂನು ಮಾಡಿ, ಮುಂದೂಡಿ ಮುಂದೂಡಿ ಕೈಬಿಟ್ಟರು. ಆದರೂ 2006ರಲ್ಲಿ ಸಂಸದರು ಬುರ್ಗೋ ಅವರನ್ನು ಕೂರಿಸಿಕೊಂಡು ಪ್ರಶ್ನಿಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಕೊನೆಗೆ ಸಿಕ್ಕಿದ್ದು ಬರೀ ಛೀಮಾರಿ. ಇರಲಿ, ಕರೆದು ಕೇಳುವುದಕ್ಕೆ ಒಬ್ಬರಾದರೂ ಇದ್ದರಲ್ಲ.

ಇಂಗ್ಲೆಂಡಿನಲ್ಲಿ ಯಾರನ್ನು ಕೇಳುವುದು? ಅಲ್ಲಿ ಎರಡು ಕಡೆಯವರು ವಾದಿಸುತ್ತಾರೆ, ನ್ಯಾಯಾಧೀಶರು ಅಂಪೈರ್ ಥರ ಕೂತಿರುತ್ತಾರೆ. ಇಬ್ಬರೂ ಸಮಬಲರು ಅನ್ನುವ ನಂಬಿಕೆಯ ಮೇಲೆ ಆಟ. ಒಂದು ಕಡೆ ಪೋಸ್ಟ್ ಆಫೀಸ್, ಇನ್ನೊಂದು ಕಡೆ ಹಳ್ಳಿಯಲ್ಲಿ ಅಂಚೆ ಕೌಂಟರ್ ನಡೆಸುವ ಹೆಂಗಸು ನಿಂತರೆ ಎಲ್ಲಿಯ ಸಮಬಲ? ಪೋಸ್ಟ್ ಆಫೀಸಿನ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಲೆಕ್ಕದಲ್ಲಿ ದುಡ್ಡು ಕಡಿಮೆ ಅಂತ ತಪ್ಪಾಗಿ ತೋರಿಸಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳರೆನಿಸಿಕೊಂಡರು. ಅದರಲ್ಲಿ ಸುಮಾರು 700 ಕೇಸು ಹಾಕಿದ್ದು ಪೋಸ್ಟ್ ಆಫೀಸೇ. ದೂರು ಅದರದೇ, ತನಿಖೆ ಅದರದೇ, ಸರ್ಕಾರಿ ವಕೀಲನ ಕೆಲಸವೂ ಅದರದೇ. ಮೇಲಾಗಿ ಕಂಪ್ಯೂಟರ್ ಸರಿಯಾಗೇ ಇದೆ ಎಂದು ಕೋರ್ಟು ಮೊದಲೇ ನಂಬಿಬಿಡುತ್ತದೆ. ಕೆಟ್ಟಿದೆ ಅನ್ನುವುದಾದರೆ ಅದಕ್ಕೆ ಆಧಾರ ಆರೋಪಿಯೇ ತರಬೇಕು. ತರಬೇಕಾದ ದಾಖಲೆಯೋ ಎದುರಾಳಿಯ ಕಪಾಟಿನಲ್ಲಿ! ಸುಳ್ಳು ಲೆಕ್ಕ ಬರೆದೆ ಅಂತ ಒಪ್ಪಿಕೊಂಡರೆ ಕಳ್ಳತನದ ಆರೋಪ ಬಿಡುತ್ತೇವೆ ಅಂದಾಗ ಎಷ್ಟೋ ಜನ ಜೈಲಿಗೆ ಹೆದರಿ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ವಿಚಾರಣೆಯೇ ಇಲ್ಲ, ಪಾಟೀಸವಾಲೂ ಇಲ್ಲ. ಕೊನೆಗೆ 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು.

ಇದಕ್ಕೂ ಮೊದಲು ಬರ್ಮಿಂಗ್‌ಹ್ಯಾಮ್ ಪ್ರಕರಣ ನಡೆದಿತ್ತು. 1974ರಲ್ಲಿ ಬಾಂಬಿಗೆ 21 ಜನ ಸತ್ತರು. ಆರು ಮಂದಿಯನ್ನು ಹಿಡಿದರು, ನಾಲ್ವರಿಂದ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು. ಅದನ್ನು ಕೋರ್ಟು ಒಪ್ಪಿತು. ಶಿಕ್ಷೆ ರದ್ದಾಗಿ ಅವರು ಹೊರಬಂದದ್ದು 1991ರಲ್ಲಿ. ತಮಾಷೆ ನೋಡಿ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಡೆಯುವುದಿಲ್ಲ ಎಂದು 1872ರಲ್ಲೇ ನಮಗೆ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಬರೆದುಕೊಟ್ಟವರು ಇದೇ ಇಂಗ್ಲಿಷರು. ನಮ್ಮ ಪೊಲೀಸರನ್ನು ಅವರು ನಂಬಿರಲಿಲ್ಲ, ತಮ್ಮವರನ್ನು ನಂಬಿದ್ದರು.